ಓದಲು ಬರುವ ಅಕ್ಷರ

ವೃಷಭೇಂದ್ರ ಡಾಕ್ಟರ ಅಕ್ಷರ ನನಗೆ ಓದಲು ಬರುತ್ತಿತ್ತು.
ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು,
ಆದರೂ ಓದುತ್ತಿದ್ದೆ:
ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ.
ಕನ್ನಡದಲ್ಲಿ ಬರೆಯುತ್ತಿದ್ದರು, ದುಂಡಗೆ,
ಮಗುವಿಗೆ ಮುಳ್ಳು ತೆಗೆದು ಮೀನು ಕೊಟ್ಟ ಹಾಗೆ.

ಎದೆಯ ಗಂಟನ್ನು ಮೊದಲು ಹಿಡಿದದ್ದೂ ಅವರೇ.
ಸಾಲಗಾಮೆ ರಸ್ತೆಯ ಆ ಪುಟ್ಟ ಕೋಣೆಯಲ್ಲಿ
ಎರಡು ಬೆರಳಿಟ್ಟು, ಕಣ್ಣು ಮುಚ್ಚಿ,
"ಚಿಕ್ಕತಾಯಮ್ಮ, ಇದನ್ನ ನಾಳೆಗೆ ಇಡೋದು ಬೇಡ" ಅಂದರು.
ಇಡಲಿಲ್ಲ. ಕೊಯ್ದರು. ಕೂದಲು ಹೋಯಿತು, ಬಂತು.
ರವಿಕೆಯ ಎಡಕ್ಕೆ ಹಳೆ ಬನಿಯನ್ ಮಡಿಸಿಟ್ಟುಕೊಂಡು
ಮತ್ತೆ ಎಪಿಎಂಸಿ ಯಾರ್ಡಿಗೆ ಹೋದೆ.
ಜಲಂಧರದ ಲಾರಿ ಬಂದಿತ್ತು, ಬಿತ್ತನೆ ಆಲೂಗಡ್ಡೆ,
ಆರಿಸುವವರು ಬೇಕಿತ್ತು.
ಆ ವರ್ಷ ದೇವರ ಗೋಡೆಗೆ ಒಂದು ಮೊಳೆ ಹೆಚ್ಚಿಗೆ ಹೊಡೆಸಿದೆ,
ಅವರದೊಂದು ಫೋಟೋ ಸಿಕ್ಕರೆ ಇರಲಿ ಅಂತ.

ಸೊಂಟ ಹಿಡಿದದ್ದು ಮೂರನೇ ವರ್ಷ.
"ಮೂಟೆ ಎಳೀತೀಯ, ವಯಸ್ಸಾಯ್ತು, ಮೂಳೆ ಸವೆದಿದೆ."
ಬರೆದರು: ಕ್ಯಾಲ್ಸಿಯಂ. ಬೆಲ್ಟು. ಬಿಸಿನೀರಿನ ಶಾಖ.
ಓದಿದೆ. ಎಲ್ಲ ಓದಲು ಬಂತು.
ಆ ಹಳೇದು ಮತ್ತೇನಾದರೂ, ಅಂತ ನಾನು ಬಾಯಿ ತೆರೆದಾಗ
ನಕ್ಕರು: "ಅದು ಮುಗಿದ ಕಥೆ ಕಣಮ್ಮ."
ಆ ನಗುವಿನಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ.
ಸುಳ್ಳು ಹೇಳಿದ್ದರೆ ಬೈಯಬಹುದಿತ್ತು.

ಹನ್ನೊಂದು ತಿಂಗಳು.
ಹನ್ನೊಂದು ತಿಂಗಳು ಬೆಲ್ಟಿನೊಳಗೆ ಬೆಚ್ಚಗೆ
ಅದು ಬೆಳೆಯಿತು.

ಮೈಸೂರಿನಲ್ಲಿ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು:
ನನ್ನ ಬೆನ್ನು, ಅಂಗಮಾರಿ ಬಿದ್ದ ಎಲೆಯ ಹಾಗೆ.
ಹುಡುಗಿ ಡಾಕ್ಟರು, ನನ್ನ ಶಶಿರೇಖಳಿಗಿಂತ ಚಿಕ್ಕವಳು.
ನಿಧಾನವಾಗಿ ಹೇಳಿದಳು, ಎರಡು ಸಲ ಹೇಳಿದಳು,
ಕೈ ಹಿಡಿದುಕೊಂಡು ಹೇಳಿದಳು.
ನಾನು ಆ ಕೈಯನ್ನೇ ನೋಡುತ್ತಿದ್ದೆ,
ಇದು ಯಾವಾಗ ತಪ್ಪುತ್ತದೋ ಅಂತ.

ಮಗಳು ಕೇಸು ಹಾಕೋಣ ಅನ್ನುತ್ತಾಳೆ.
ಅಳಿಯ, ಬಿಡಿ, ಬೇಕಂತ ಮಾಡಿದ್ದಲ್ಲ ಅನ್ನುತ್ತಾನೆ.
ಇಬ್ಬರಿಗೂ ಟೀ ಕೊಟ್ಟೆ.

ನನ್ನ ಕೆಲಸ ಏನು ಗೊತ್ತಾ?
ಗಡ್ಡೆ ಕೈಗೆ ಬಂದರೆ ಹೆಬ್ಬೆರಳಲ್ಲಿ ಒತ್ತುವುದು.
ಮೆತ್ತಗಿದ್ದರೆ ಹಿಂದಕ್ಕೆ, ಗಟ್ಟಿಯಿದ್ದರೆ ಮುಂದಕ್ಕೆ.
ಇಪ್ಪತ್ತಾರು ವರ್ಷ. ದಿನಕ್ಕೆ ಎಷ್ಟು ಸಾವಿರವೋ.
ಮೊನ್ನೆ ನಾನು ಮುಂದಕ್ಕೆ ಹಾಕಿದ ಒಂದನ್ನು
ಜವರಿ ಸುಮ್ಮನೆ ಕತ್ತರಿಸಿದಳು.
ನಡುವೆ ಮಸಿಗಪ್ಪು, ಸಿಪ್ಪೆಯ ಮೇಲೆ ಒಂದು ಗೆರೆಯೂ ಇಲ್ಲ.
"ಹೊರಗಿಂದ ಯಾರಿಗೆ ಗೊತ್ತಾಗುತ್ತೆ ಬಿಡಕ್ಕ" ಅಂದಳು.
ಎರಡು ಹೋಳನ್ನೂ ಹಿಡಿದು ತುಂಬ ಹೊತ್ತು ಕೂತೆ.
ಕ್ಷಮಿಸಲು ಒಳ್ಳೆಯ ಹೊತ್ತಾಗಿತ್ತು.
ಆಗಲಿಲ್ಲ.
ನನ್ನ ತಪ್ಪಿಗೆ ಯಾರದೋ ಹೊಲದಲ್ಲಿ
ಒಂದು ಗುಣಿ ಮೊಳೆಯುವುದಿಲ್ಲ, ಅಷ್ಟೇ.
ಮತ್ತೆ, ಆ ಗಡ್ಡೆ ನನ್ನ ಹತ್ತಿರ ಬಂದು
ಅಮ್ಮಾ, ಇಲ್ಲಿ ನೋಯುತ್ತೆ, ಹಳೇದೇ ಇರಬಹುದಾ
ಅಂತ ಕೇಳಿರಲಿಲ್ಲ.

ಮೊಳೆಗೆ ಈಗ ಬೆಲ್ಟು ತೂಗುತ್ತಿದೆ.
ಮೈಸೂರಿನ ಚೀಟಿ ನನಗೆ ಓದಲು ಬರುವುದಿಲ್ಲ,
ಮಸಿಯಲ್ಲಿ ಬಿದ್ದೆದ್ದ ಇರುವೆ ನಡೆದ ಹಾಗಿದೆ.
ಒಬ್ಬ ಮೆಡಿಕಲ್ ಷಾಪಿನವನನ್ನು ಕೇಳುತ್ತೇನೆ, ಇನ್ನೊಬ್ಬನನ್ನೂ.
ಇಬ್ಬರೂ ಒಂದೇ ಹೇಳಿದರೂ
ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ.
ಆಮೇಲೆ ನುಂಗುತ್ತೇನೆ, ಇನ್ನೇನು ಮಾಡಲಿ.

ನೆನ್ನೆ ಬಸ್‌ಸ್ಟ್ಯಾಂಡಿಗೆ ಹೊರಟ ಕಾಲು
ತಾನಾಗಿ ಸಾಲಗಾಮೆ ರಸ್ತೆಗೆ ತಿರುಗಿತ್ತು.
ಅದೇ ಬಾಗಿಲು, ಅದೇ ಚಪ್ಪಲಿಗಳ ರಾಶಿ.
ಒಳಗಿಂದ ಒಬ್ಬಳು ಬಂದಳು, ಕಂಕುಳಲ್ಲಿ ಕೂಸು,
ಚೀಟಿಯನ್ನು ಕಣ್ಣ ಹತ್ತಿರ ಹಿಡಿದು
ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು:
ಬೆಳಿಗ್ಗೆ ಒಂದು, ರಾತ್ರಿ ಒಂದು.
ಮುಖದಲ್ಲಿ ಎಂಥ ಸಮಾಧಾನ.

ನನ್ನ ಬಾಯಿಗೆ ಏನೋ ಬಂತು.
ಪಕ್ಕಕ್ಕೆ ಸರಿದು
ಅವಳಿಗೆ ದಾರಿ ಬಿಟ್ಟೆ.